ಕಾರಿನೊಳಗೆ ಕಿರುಗುಟ್ಟುವುದು ಯಾರು?

ನಮ್ಮ ತಾಯಿಯವರ ತವರುಮನೆಯ ಬಾವಿಕಟ್ಟೆಯಲ್ಲಿ ಒಂದು ಮರದ ರಾಟೆಯಿತ್ತಂತೆ. ಅದು ಕಿರುಗುಟ್ಟುವ ಬಗೆಯನ್ನು ಕೇಳಿಯೇ, ನೀರು ಸೇದುತ್ತಿರುವವರು ಯಾರೆಂಬುದನ್ನು ಅಡುಗೆಮನೆಯಲ್ಲಿ ಕುಳಿತವರು ಹೇಳುತ್ತಿದ್ದರಂತೆ. ಅವಸರದ ಕೈಗೆ ಅದರ ದನಿ ಒಂದಾದರೆ, ನಿಧಾನದ ಕೈಗೆ ಇನ್ನೊಂದು. ದಿನವಿಡೀ ಕೂಗುತ್ತಿದ್ದ ಆ ರಾಟೆಯಿಂದ ಯಾರಿಗೂ ತಲೆನೋವು ಬಂದುದಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ, ಏಕೆ ಬರುತ್ತಿದೆ ಎಂಬುದು ಮನೆಮಂದಿಗೆಲ್ಲ ತಿಳಿದಿತ್ತು. ಮೂಲ ತಿಳಿಯದ ಸದ್ದಿನ ಸಂಗತಿಯೇ ಬೇರೆ. ಅದು ಎಷ್ಟೇ ಸಣ್ಣದಾಗಿರಲಿ, ಉಗುರಿನ ಸಂದಿಗೆ ಹೊಕ್ಕ ಮುಳ್ಳಿನಂತೆ ಮನಸ್ಸನ್ನು ಒಂದೇ ಕಡೆಗೆ ಎಳೆಯುತ್ತಿರುತ್ತದೆ.

ಕಾರು ಇರುವ ಮನೆಯವರಿಗೆ ಈ ಅನುಭವ ಹೊಸತಲ್ಲ. ವಾಹನ ಹಳೆಯದಾಗುತ್ತ ಬಂದಂತೆ ಅದರ ಒಳಗಿನ ಪ್ಲಾಸ್ಟಿಕ್ ಹೊದಿಕೆಗಳ ಹಿಂದಿನಿಂದ ಒಂದು ದಿನ ‘ಕಿರ್’ ಎಂಬ ಸಣ್ಣ ದನಿ ಹೊರಡುತ್ತದೆ. ಮೊದಮೊದಲು ನಾವು ಅದನ್ನು ಗಣಿಸುವುದಿಲ್ಲ. ಬಳಿಕ ಅದನ್ನಲ್ಲದೆ ಬೇರೇನನ್ನೂ ಕೇಳಲಾರದವರಾಗುತ್ತೇವೆ.

ಬದಿಯಡ್ಕದ ಸಮೀಪದ ನಮ್ಮ ಮನೆಯಿಂದ ತಿಂಗಳಿಗೊಮ್ಮೆ ತಾಯಿಯವರನ್ನು ಮಂಗಳೂರಿನ ವೈದ್ಯರಲ್ಲಿಗೆ ಕರೆದೊಯ್ಯುವುದು ನನ್ನ ಪಾಲಿನ ಕರ್ತವ್ಯ. ಸೀತಾಂಗೋಳಿಯ ಮಾರ್ಗವಾಗಿ ಕುಂಬಳೆಗೆ ಇಳಿದು, ಅಲ್ಲಿಂದ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು, ತಲಪಾಡಿಯಲ್ಲಿ ಗಡಿ ದಾಟುವ ಪ್ರಯಾಣವದು. ತಾಯಿಗೆ ಎಂಬತ್ತು ಮೀರಿದೆ, ನನಗೆ ಅರುವತ್ತು. ಮನೆಯಲ್ಲಿ ನೂರು ಕೆಲಸಗಳ ನಡುವೆ ಆಡಲಾಗದ ಮಾತುಗಳಿಗೆ ಆ ಹಾದಿಯಲ್ಲಿ ಬಿಡುವು ಸಿಗುತ್ತಿತ್ತು. ನಾನು ಕೇಳಿರದ ಎಷ್ಟೋ ಹಳೆಯ ಕಥೆಗಳನ್ನು ಅವರು ನನಗೆ ಹೇಳಿದ್ದು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು.

ಕಳೆದ ವರ್ಷದ ಬೇಸಗೆಯಲ್ಲಿ ಅವರ ಎಡಭಾಗದಿಂದ ಎಲ್ಲಿಯೋ ಕಿರುಗುಟ್ಟುವ ಸದ್ದು ಆರಂಭವಾಯಿತು. ನನಗದು ಕ್ಷೀಣವಾಗಿ ಕೇಳಿಸುತ್ತಿತ್ತು. ಆದರೆ ತಾಯಿಯವರು ಶ್ರವಣಯಂತ್ರವನ್ನು ಧರಿಸುವವರು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು. ಆದುದರಿಂದ ಆ ಯಂತ್ರ ತಾರಸ್ವರಗಳನ್ನೇ ಹೆಚ್ಚಾಗಿ ಎತ್ತಿ ಕೊಡುತ್ತದೆ. ನನಗೆ ಸೊಳ್ಳೆಯ ದನಿಯಾಗಿದ್ದುದು ಅವರಿಗೆ ಸೂಜಿಯಾಯಿತು. “ಕಿವಿಯೊಳಗೆ ಚುಚ್ಚಿದ ಹಾಗಾಗ್ತದೆ ಮಗಾ” ಎಂದು ಹೇಳಿ, ಶ್ರವಣಯಂತ್ರವನ್ನು ಕಳಚಿ ಅದರ ಪುಟ್ಟ ಡಬ್ಬಿಯೊಳಗಿಟ್ಟು, ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಅಂದಿನಿಂದ ನಮ್ಮ ಕಾರಿನಲ್ಲಿ ಮಾತು ನಿಂತಿತು.

ನಗರದ ವರ್ಕ್‌ಶಾಪೊಂದಕ್ಕೆ ಕಾರನ್ನು ಒಯ್ದೆ. ಅವರು ಚಕ್ರಗಳ ಬಳಿಯ ರಬ್ಬರ್ ಬುಷ್‌ಗಳನ್ನು ಬದಲಾಯಿಸಿ ಆರು ಸಾವಿರ ರೂಪಾಯಿಗಳ ಬಿಲ್ಲನ್ನು ಕೈಗಿತ್ತರು. ಮರಳುವ ದಾರಿಯಲ್ಲಿ ಅದೇ ಸದ್ದು, ಅದೇ ಠಾವಿನಿಂದ! ಶಾಲೆಯಲ್ಲಿ ಮೂರು ದಶಕಗಳ ಕಾಲ ಘರ್ಷಣೆಯ ಪಾಠವನ್ನು ಹೇಳಿದ ವಿಜ್ಞಾನದ ಮಾಸ್ತರನಾದ ನಾನು, ಆ ಪಾಠವನ್ನು ಸ್ವಂತಕ್ಕೊಮ್ಮೆ ಓದಬೇಕಾದ ಕಾಲ ಬಂದಿತೆಂದು ತಿಳಿದುಕೊಂಡೆ.

ಸದ್ದಿನ ಹುಟ್ಟು

ಭಾರವಾದ ಕಪಾಟನ್ನು ನೆಲದ ಮೇಲೆ ಸರಿಸಿದವರಿಗೆಲ್ಲ ತಿಳಿದಿರುವ ಸಂಗತಿಯೊಂದಿದೆ. ಅದನ್ನು ಕದಲಿಸುವುದಕ್ಕೆ ಬೇಕಾದಷ್ಟು ಬಲ, ಕದಲಿದ ಮೇಲೆ ಸರಿಸುವುದಕ್ಕೆ ಬೇಕಾಗುವುದಿಲ್ಲ. ನಿಂತಿರುವಾಗಿನ ಘರ್ಷಣೆ ಹೆಚ್ಚು, ಜಾರುತ್ತಿರುವಾಗಿನದು ಕಡಿಮೆ. ಘರ್ಷಣೆಯ ನಿಯಮಗಳನ್ನು ಫ್ರಾನ್ಸಿನ ಅಮೊಂತೋಂ 1699ರಲ್ಲಿ ಪ್ರಕಟಿಸಿದನು. ಅದೇ ದೇಶದ ಕೂಲಂಬ್ 1785ರಲ್ಲಿ ಅವುಗಳನ್ನು ವಿಸ್ತರಿಸಿದನು.

ಈಗ ಒಂದಕ್ಕೊಂದು ತಾಗಿ ನಿಂತ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಊಹಿಸಿಕೊಳ್ಳಿ. ರಸ್ತೆಯ ಕುಲುಕಿಗೆ ಒಂದು ತುಂಡು ಸರಿಯಲು ಯತ್ನಿಸುತ್ತದೆ. ಘರ್ಷಣೆ ಅದನ್ನು ಹಿಡಿದು ನಿಲ್ಲಿಸುತ್ತದೆ. ತುಂಡು ಬಿಲ್ಲಿನಂತೆ ಬಾಗುತ್ತದೆ. ಎಳೆತ ಹಿಡಿತವನ್ನು ಮೀರಿದ ಕ್ಷಣದಲ್ಲಿ ಅದು ತಟ್ಟನೆ ಜಾರಿ, ಮುಂದೆ ಮತ್ತೆ ಅಂಟಿಕೊಳ್ಳುತ್ತದೆ. ಅಂಟು, ಜಾರು, ಅಂಟು, ಜಾರು. ಒಂದು ಸೆಕೆಂಡಿನಲ್ಲಿ ಇದು ನೂರಾರು, ಕೆಲವೊಮ್ಮೆ ಸಾವಿರಾರು ಬಾರಿ ನಡೆದಾಗ ಸುತ್ತಲಿನ ಹೊದಿಕೆ ಕಂಪಿಸಿ ‘ಕಿರ್’ ಎನ್ನುತ್ತದೆ. ಬೌಡನ್ ಮತ್ತು ಲೆಬೆನ್ ಎಂಬ ಸಂಶೋಧಕರು 1939ರಲ್ಲಿ ಲೋಹಗಳ ಮೇಲೆ ಪ್ರಯೋಗ ನಡೆಸಿ ಈ ಅಂಟು-ಜಾರು ಚಲನೆಯನ್ನು ವಿವರವಾಗಿ ವರ್ಣಿಸಿದರು.

ಪಿಟೀಲಿನ ನಾದ ಹುಟ್ಟುವುದೂ ಹೀಗೆಯೇ. ಕಮಾನಿಗೆ ರಾಳವನ್ನು ತಿಕ್ಕುವುದು ತಂತಿಯನ್ನು ಅಂಟಿಸಿ ಜಾರಿಸುವುದಕ್ಕಾಗಿ. ಕರಿಹಲಗೆಯ ಮೇಲೆ ಸೀಮೆಸುಣ್ಣದ ಕೀಚಲು ದನಿ, ಹಳೆಯ ಬಾಗಿಲಿನ ಕೂಗು, ಬಾವಿಯ ರಾಟೆಯ ಹಾಡು, ಎಲ್ಲವೂ ಒಂದೇ ಕುಲಕ್ಕೆ ಸೇರಿದವು.

ಕಾರಿನೊಳಗಿನ ಸದ್ದುಗಳನ್ನು ಮೂರು ಜಾತಿಗಳಾಗಿ ವಿಂಗಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಜ್ಜುವುದರಿಂದ ಹುಟ್ಟುವುದು ‘ಕಿರ್’. ಸಡಿಲವಾದ ವಸ್ತು ಬಡಿದುಕೊಳ್ಳುವುದರಿಂದ ಹುಟ್ಟುವುದು ‘ಕಟಕಟ’. ಎಂಜಿನ್ನಿನ ಅಥವಾ ಧ್ವನಿವರ್ಧಕದ ಕಂಪನಕ್ಕೆ ತೆಳುವಾದ ಫಲಕವೊಂದು ಅನುರಣಿಸುವುದರಿಂದ ಹುಟ್ಟುವುದು ‘ಗುಂಯ್’. ಮೊದಲನೆಯದಕ್ಕೆ ನಡುವೆ ಮೃದುವಾದ ಪದರ ಬೇಕು; ಎರಡನೆಯದಕ್ಕೆ ಬಿಗಿ ಬೇಕು; ಮೂರನೆಯದಕ್ಕೆ ಆ ಫಲಕದ ಹಿಂದೆ ಭಾರ ಅಥವಾ ಆಸರೆ ಬೇಕು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಬಿಸಿಲು, ಮಳೆ, ಪ್ಲಾಸ್ಟಿಕ್

ಹಿಂದಿನ ಅಂಬಾಸಿಡರಿನ ಡ್ಯಾಶ್‌ಬೋರ್ಡು ಲೋಹದ್ದಾಗಿತ್ತು. ಇಂದಿನ ಕಾರುಗಳ ಒಳಮೈ ಬಹುತೇಕ ಪ್ಲಾಸ್ಟಿಕ್ಕಿನದು. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿಯ ಶಾಖ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದಾಗ ಅದು ಹಿಗ್ಗುವುದು ಸುಮಾರು ಅರ್ಧ ಮಿಲಿಮೀಟರ್. ಕಾರುಗಳಲ್ಲಿ ಹೇರಳವಾಗಿ ಬಳಸುವ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ ಅಷ್ಟೇ ಶಾಖಕ್ಕೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಒಳಗೆ ಉಕ್ಕಿನ ಚೌಕಟ್ಟು, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು 70 ಡಿಗ್ರಿಯನ್ನು ಮುಟ್ಟಬಲ್ಲದು. ಇವೆರಡರ ಹಿಗ್ಗು-ಕುಗ್ಗುಗಳ ವ್ಯತ್ಯಾಸವನ್ನು ತಾಳಿಕೊಳ್ಳಬೇಕಾದುದು ನಡುವಣ ಕ್ಲಿಪ್ಪುಗಳು ಮತ್ತು ಸಂದುಗಳು. ಮುಂಜಾನೆ ಕಿರುಗುಟ್ಟಿದ ಕಾರು ಮಧ್ಯಾಹ್ನ ಮೌನವಾಗುವುದು, ಅಥವಾ ಇದರ ವಿಪರ್ಯಯ, ಈ ಕಾರಣದಿಂದ.

ನಮ್ಮ ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತೇವ, ಧೂಳು, ಕೆಮ್ಮಣ್ಣಿನ ನುಣುಪಾದ ಹುಡಿ, ಇವೆಲ್ಲ ಬಾಗಿಲಿನ ರಬ್ಬರ್ ಅಂಚುಗಳ ಮೇಲೆ ಕುಳಿತು ಉಜ್ಜಾಟವನ್ನು ಬದಲಿಸುತ್ತವೆ. ಎಂಜಿನ್ನಿನ ಗದ್ದಲವಿಲ್ಲದ ವಿದ್ಯುತ್ ಕಾರುಗಳಲ್ಲಿ ಈ ಸಣ್ಣ ಸದ್ದುಗಳಿಗೆ ಮರೆಯೇ ಇಲ್ಲ. ಆದುದರಿಂದ ತಯಾರಕರು ಎರಡು ಪ್ಲಾಸ್ಟಿಕ್ಕುಗಳನ್ನು ಜೋಡಿಸುವ ಮೊದಲೇ, ಅವು ಕಿರುಗುಟ್ಟುವ ಸಂಭವವೆಷ್ಟೆಂದು ಯಂತ್ರದಲ್ಲಿ ಉಜ್ಜಿ ಪರೀಕ್ಷಿಸುತ್ತಾರೆ. ಜರ್ಮನಿಯ ಮೋಟಾರು ಉದ್ಯಮ ಸಂಘದ ಕ್ರಮದಲ್ಲಿ ಪ್ರತಿಯೊಂದು ಜೋಡಿಗೂ 1ರಿಂದ 10ರವರೆಗೆ ಅಂಕವಿದೆ. ಇಲ್ಲಿ ಕಡಿಮೆ ಅಂಕ ಪಡೆದುದೇ ಜಾಣ ಜೋಡಿ! ಒಂದೇ ಜಾತಿಯ ಪ್ಲಾಸ್ಟಿಕ್ಕುಗಳು ಪರಸ್ಪರ ತಾಗಿದರೆ ಜಗಳ ಹೆಚ್ಚೆಂಬುದು ಉದ್ಯಮದವರ ಅನುಭವ.

ಕಿವಿಗೆ ಆಗುವ ಮೋಸ

ಸದ್ದು ಕೇಳಿದೊಡನೆ ಅದರ ಮೂಲ ತಿಳಿಯಿತೆಂದು ಭಾವಿಸಬಾರದು. ಎಡಗಿವಿಗೂ ಬಲಗಿವಿಗೂ ಸದ್ದು ಮುಟ್ಟುವ ಕಾಲದ ವ್ಯತ್ಯಾಸ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನೂ, ದನಿಯ ಏರಿಳಿತವನ್ನೂ ತೂಗಿ ನೋಡಿ ಮೆದುಳು ದಿಕ್ಕನ್ನು ನಿರ್ಧರಿಸುತ್ತದೆ. ಬಯಲಿನಲ್ಲಿ ಈ ಲೆಕ್ಕ ಸರಿಬರುತ್ತದೆ. ಕಾರಿನೊಳಗೆ ನಾಲ್ಕೂ ಕಡೆ ಗಾಜು. ಎಡಗಂಬದಲ್ಲಿ ಹುಟ್ಟಿದ ದನಿ ಮುಂದಿನ ಗಾಜಿಗೆ ಬಡಿದು ಡ್ಯಾಶ್‌ಬೋರ್ಡಿನಿಂದ ಬಂದಂತೆ ಕೇಳಿಸಬಹುದು. ಮೇಲಾಗಿ, ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್‌ಗಳ ನಡುವೆ. ಕಿರುಗುಟ್ಟುವ ದನಿಗಳಲ್ಲಿ ಅನೇಕವು ಈ ವ್ಯಾಪ್ತಿಯಲ್ಲಿಯೇ ಬೀಳುವುದರಿಂದ, ಸಣ್ಣದು ದೊಡ್ಡದಾಗಿ ತೋರುತ್ತದೆ.

ನಾನು ಮೊದಲ ಒಂದು ವಾರ ಡ್ಯಾಶ್‌ಬೋರ್ಡನ್ನೇ ಅಪರಾಧಿಯೆಂದು ಹಿಡಿದೆ. ಅದರ ಸಂದುಸಂದಿಗೂ ಬಟ್ಟೆಯ ಚೂರುಗಳನ್ನು ತುರುಕಿದೆ. ಸದ್ದು ನಕ್ಕಿತು.

ಹುಡುಕುವ ಕ್ರಮ

ಬಳಿಕ ಶಾಂತವಾಗಿ ಕುಳಿತು ಒಂದು ಕ್ರಮವನ್ನು ಹಾಕಿಕೊಂಡೆ. ಓದುಗರಿಗೂ ಉಪಯೋಗವಾದೀತೆಂದು ಅದನ್ನಿಲ್ಲಿ ವಿವರಿಸುತ್ತೇನೆ.

ಮೊದಲನೆಯದಾಗಿ, ಕಾರನ್ನು ಬರಿದು ಮಾಡಬೇಕು. ಕೈಪೆಟ್ಟಿಗೆಯೊಳಗಿನ ಕಾಗದಪತ್ರ, ನಾಣ್ಯ, ಕನ್ನಡಕ, ಬಾಗಿಲ ಜೇಬಿನ ಬಾಟಲಿ, ಸೀಟಿನಡಿಯ ಕೊಡೆ, ಹಿಂಬದಿಯ ಜಾಕ್ ಮತ್ತು ಸ್ಟೆಪ್ನಿ, ಎಲ್ಲವನ್ನೂ ಹೊರಗಿಡಬೇಕು. ಬಳಸದ ಸೀಟುಬೆಲ್ಟಿನ ಕೊಂಡಿಯೂ ಕಂಬಕ್ಕೆ ಬಡಿಯುತ್ತಿರಬಹುದು. ಎಷ್ಟೋ ‘ರೋಗ’ಗಳು ಇಲ್ಲಿಗೇ ಗುಣವಾಗುತ್ತವೆ.

ಎರಡನೆಯದಾಗಿ, ಒಂದೇ ರಸ್ತೆಯನ್ನು ಆರಿಸಿಕೊಂಡು, ಕಿಟಕಿಗಳನ್ನೇರಿಸಿ, ರೇಡಿಯೋ ಮತ್ತು ಹವಾನಿಯಂತ್ರಣವನ್ನು ನಿಲ್ಲಿಸಿ, ಗಂಟೆಗೆ 20ರಿಂದ 30 ಕಿಲೋಮೀಟರ್ ವೇಗದಲ್ಲಿ ಓಡಿಸಬೇಕು. ಚಾಲಕನು ರಸ್ತೆಯನ್ನು ನೋಡಲಿ. ಸದ್ದನ್ನು ಹುಡುಕುವ ಕೆಲಸ ಜತೆಗಾರರದು. ಯಾವಾಗ ಬಂದಿತು, ತಿರುವಿನಲ್ಲೋ ಬ್ರೇಕಿನಲ್ಲೋ, ಬೆಳಗ್ಗೆಯೋ ಮಧ್ಯಾಹ್ನವೋ ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ನಿಂತ ಕಾರಿನ ಎಂಜಿನ್ನಿನ ವೇಗವನ್ನು ಏರಿಸಿದಾಗಲೂ ಸದ್ದು ಬಂದರೆ ಅದು ಎಂಜಿನ್ನಿನ ಕಂಪನದ್ದು. ಒಂದೇ ಬದಿಯ ಚಕ್ರ ರಸ್ತೆಯುಬ್ಬನ್ನು ಏರಿದಾಗ ಮಾತ್ರ ಬಂದರೆ, ಕಾರಿನ ಒಡಲು ತುಸು ತಿರುಚಿಕೊಳ್ಳುವಾಗ ಉಜ್ಜುವ ಬಾಗಿಲಿನ ಅಂಚು ಅಥವಾ ಹಿಂಬಾಗಿಲನ್ನು ಶಂಕಿಸಬೇಕು.

ಮೂರನೆಯದಾಗಿ, ಒತ್ತಿ ನೋಡಬೇಕು. ಅನುಮಾನದ ಹೊದಿಕೆಯನ್ನು ಜತೆಗಾರರು ಅಂಗೈಯಿಂದ ಒತ್ತಿ ಹಿಡಿದಾಗ ಸದ್ದು ನಿಂತರೆ ಅಥವಾ ಸ್ವರ ಬದಲಾದರೆ, ಠಾವು ಹತ್ತಿರದಲ್ಲಿದೆ. ಎರಡು ಹೊದಿಕೆಗಳ ಸಂದಿನಲ್ಲಿ ವಿಸಿಟಿಂಗ್ ಕಾರ್ಡೊಂದನ್ನು ಸಿಕ್ಕಿಸಿ ನೋಡಬಹುದು. ಬಾಗಿಲಿನ ಚಿಲಕ ಸಿಕ್ಕಿಕೊಳ್ಳುವ ಉಕ್ಕಿನ ಬಳೆಗೆ ಒಂದು ಸುತ್ತು ಟೇಪನ್ನು ಸುತ್ತಿ ನೋಡಬಹುದು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕೆಂಬುದು ಇಲ್ಲಿಯ ಮುಖ್ಯ ಸೂತ್ರ. ಹತ್ತು ಕಡೆ ಒಟ್ಟಿಗೆ ತುರುಕಿದರೆ, ಸದ್ದು ನಿಂತರೂ ಕಾರಣ ತಿಳಿಯದು.

ನಾಲ್ಕನೆಯದಾಗಿ, ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ನಳಿಗೆ ಸಾಕು, ವೈದ್ಯರ ಸ್ಟೆತೊಸ್ಕೋಪಿನ ಕೆಲಸ ಮಾಡುತ್ತದೆ. ಒಂದು ತುದಿಯನ್ನು ಕಿವಿಯ ಬಳಿ ಹಿಡಿದು ಇನ್ನೊಂದನ್ನು ಸಂದುಗಳ ಉದ್ದಕ್ಕೂ ಮೆಲ್ಲನೆ ಸರಿಸುತ್ತ ಹೋದರೆ, ಗಾಜುಗಳ ಪ್ರತಿಫಲನದ ಮೋಸ ಬಹುಮಟ್ಟಿಗೆ ತಪ್ಪುತ್ತದೆ.

ತಾಯಿಯವರ ಮಾತು

ನಳಿಗೆಯ ಕೆಲಸಕ್ಕೆ ಹತ್ತು ವರ್ಷದ ನನ್ನ ಮೊಮ್ಮಗಳು ಉತ್ಸಾಹದಿಂದ ಒಪ್ಪಿದಳು. ಒಂದು ಭಾನುವಾರ ಅವಳನ್ನು ಹಿಂದಿನ ಸೀಟಿನಲ್ಲಿ ಕುಳ್ಳಿರಿಸಿಕೊಂಡು ಪೆರ್ಲದ ಕಡೆಗೆ ಹೊರಟೆ. ಗಾಳಿಗೆ ಬರುತ್ತೇನೆಂದು ತಾಯಿಯವರೂ ಮುಂದೆ ಬಂದು ಕುಳಿತರು. ಅಚ್ಚರಿಯೆಂದರೆ ಅಂದು ಸದ್ದು ಬಂದು ಬಂದು ನಿಲ್ಲುತ್ತಿತ್ತು. ಮೊಮ್ಮಗಳು ನಳಿಗೆಯನ್ನು ಸರಿಸುವಷ್ಟರಲ್ಲಿ ಮಾಯ! ನನ್ನ ಪುಸ್ತಕದಲ್ಲಿ ವೇಗ, ತಿರುವು, ಹೊಂಡ ಎಲ್ಲವೂ ಇದ್ದವು, ಯಾವುದಕ್ಕೂ ತಾಳೆಯಾಗಲಿಲ್ಲ.

ಆಗ ಮೊಮ್ಮಗಳು ಹಿಂದಿನಿಂದ ಕೂಗಿದಳು: “ಅಜ್ಜಾ, ಮುತ್ತಜ್ಜಿ ಬೆಲ್ಟನ್ನು ಹಿಡಿದುಕೊಂಡ್ರೆ ಸದ್ದು ನಿಲ್ತದೆ!”

ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಸೀಟುಬೆಲ್ಟು ಕೊರಳಿಗೆ ಒತ್ತುತ್ತದೆಂದು ತಾಯಿಯವರು ಅದನ್ನು ಆಗಾಗ ಎಡಗೈಯಿಂದ ಹಿಡಿದು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಎಳೆದಾಗ ಮೌನ, ಬಿಟ್ಟಾಗ ಸದ್ದು. ನಾನು ಅವರ ಕಿವಿಯ ಬಳಿ ಬಾಗಿ ಈ ವಿಷಯವನ್ನು ಹೇಳಿದೆ. ಅವರು ನನ್ನನ್ನು ನೋಡಿ ಸಮಾಧಾನದಿಂದ ನುಡಿದರು: “ಅದನ್ನು ನಾನು ಮೊದಲ ದಿವಸವೇ ಹೇಳಿದ್ದೆನಲ್ಲ ಮಗಾ. ಕೈಯಲ್ಲಿ ಹಿಡಿದ್ರೆ ಸುಮ್ಮನಾಗ್ತದೆ ಅಂತ. ನೀನು ಕೇಳ್ಲಿಲ್ಲ.”

ಹೌದು, ಹೇಳಿದ್ದರು. ಶ್ರವಣಯಂತ್ರದವರು ಸದ್ದಿನ ಬಗ್ಗೆ ಹೇಳುವುದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಪುಸ್ತಕದಲ್ಲಿ ನಾನು ಬರೆಯದಿದ್ದ ಒಂದೇ ಸಂಗತಿ ಅದು.

ಊರಿನ ಗ್ಯಾರೇಜಿನಲ್ಲಿರುವ ತರುಣನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಸಂಗತಿಯನ್ನು ಕೇಳಿದೊಡನೆ, “ಮಾಷ್ಟ್ರೇ, ಈ ಬೆಲ್ಟನ್ನು ಯಾವಾಗಲಾದ್ರೂ ಬದಲಿಸಿದ್ದುಂಟಾ?” ಎಂದು ಕೇಳಿದ. ಉಂಟು, ಹಿಂದಿನ ವರ್ಷ ಬದಲಿಸಲಾಗಿತ್ತು. ಅವನು ಮೊದಲು ಬ್ಯಾಟರಿಯ ಸಂಪರ್ಕವನ್ನು ತೆಗೆದು, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದ. ಬಳಿಕ ನೈಲಾನಿನ ಚಪ್ಪಟೆ ಸನಿಕೆಯಿಂದ, ಮುಂದಿನ ಹಿಂದಿನ ಬಾಗಿಲುಗಳ ನಡುವಣ ಕಂಬದ ಹೊದಿಕೆಯನ್ನು ಬಿಡಿಸಿದ. ಮೇಲಿನ ಹೊದಿಕೆಯನ್ನು ಕಂಬಕ್ಕೆ ಹಿಡಿದಿಡಬೇಕಾದ ಕ್ಲಿಪ್ಪುಗಳಲ್ಲಿ ಒಂದು ಮುರಿದಿತ್ತು. ಬೆಲ್ಟನ್ನು ಬದಲಿಸಿದವರು ಮುರಿದುದನ್ನು ಹಾಗೆಯೇ ಒತ್ತಿ ಕೂಡಿಸಿದ್ದರು. ಮೇಲಿನ ಹೊದಿಕೆಯ ಅಂಚು ಕೆಳಗಿನದರ ಮೇಲೆ ಬಂದು ಕೂಡುವಲ್ಲಿ, ಬೆರಳಿನಷ್ಟು ಅಗಲದ ಜಾಗ ಉಜ್ಜಿ ಉಜ್ಜಿ ಹೊಳಪೇರಿತ್ತು. ಬೆಲ್ಟನ್ನು ಎಳೆದಾಗ ಅದರ ಮೇಲಿನ ಕೊಂಡಿ ಹೊದಿಕೆಯನ್ನು ಅದುಮಿ ಹಿಡಿಯುತ್ತಿತ್ತು. ಕಾರಣವೂ ಕಾರ್ಯವೂ ಕಣ್ಣೆದುರಿಗೇ ನಿಂತವು.

ಹೊಳಪಾದ ಅಂಚಿಗೆ ತೆಳುವಾದ ಫೆಲ್ಟ್ ಬಟ್ಟೆಯ ಪಟ್ಟಿಯನ್ನು ಅಂಟಿಸಿ, ಹೊಸ ಕ್ಲಿಪ್ಪನ್ನು ಕೂಡಿಸಿದ. ಸಾಮಗ್ರಿಯ ವೆಚ್ಚ 150 ರೂಪಾಯಿಗಳನ್ನೂ ಮುಟ್ಟಲಿಲ್ಲ.

ಮದ್ದು ಮತ್ತು ಪಥ್ಯ

ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವಲ್ಲಿ ಫೆಲ್ಟ್ ಅಥವಾ ಅಂಟು ಬೆನ್ನಿನ ಬಟ್ಟೆಯ ಟೇಪು ಒಳ್ಳೆಯ ಮದ್ದು. ಅಂಟಿಸುವ ಮೊದಲು ಜಾಗವನ್ನು ಒರಸಿ ಒಣಗಿಸಬೇಕು. ಪಟ್ಟಿ ದಪ್ಪವಾದರೆ ಹೊದಿಕೆ ಉಬ್ಬಿ ಮುಂದಿನ ಕ್ಲಿಪ್ಪನ್ನು ಸಡಿಲಿಸುತ್ತದೆ. ಕ್ಲಿಪ್ಪುಗಳನ್ನು ಬಿಚ್ಚಿದಾಗ ಮುರಿದುದನ್ನೂ, ಬಿಗಿ ಕಳೆದುಕೊಂಡುದನ್ನೂ ಮತ್ತೆ ಬಳಸಬಾರದು. ಸ್ಕ್ರೂ ಡ್ರೈವರಿನಿಂದ ಮೀಟಿದರೆ ಹೊದಿಕೆಯ ಅಂಚು ಗಾಯಗೊಳ್ಳುವುದು ಖಂಡಿತ.

ಬಾಗಿಲಿನ ರಬ್ಬರ್ ಅಂಚುಗಳನ್ನು ಒದ್ದೆಬಟ್ಟೆಯಿಂದ ಒರಸಿ, ಆರಿದ ಮೇಲೆ ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳ್ಳಗೆ ಸವರಬೇಕು. ಖನಿಜ ತೈಲ ಅಲ್ಲಿ ಸಲ್ಲದು. ಆ ರಬ್ಬರನ್ನು ಅದು ಉಬ್ಬಿಸಿ ಕೆಡಿಸುತ್ತದೆ. ಎಲ್ಲ ರೋಗಕ್ಕೂ ತೆಂಗಿನೆಣ್ಣೆ ಎನ್ನುವ ನಮ್ಮ ಸೀಮೆಯವರಿಗೆ ಒಂದು ಮಾತು: ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಧೂಳನ್ನು ಹಿಡಿಯುತ್ತದೆ, ಕೆಲವು ಕಾಲದ ಮೇಲೆ ಕಮಟು ನಾತ ಬೀರುತ್ತದೆ. ಅದು ತಲೆಗೂ ಒಗ್ಗರಣೆಗೂ ಇರಲಿ.

ಇನ್ನು ಪಥ್ಯದ ಮಾತು. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅನೇಕ ಕಾರುಗಳಲ್ಲಿ ಮುಂಗಂಬ, ಸೀಟಿನ ಬದಿ ಮತ್ತು ಛಾವಣಿಯ ಅಂಚಿನಲ್ಲಿಯೂ ಏರ್‌ಬ್ಯಾಗುಗಳಿರುತ್ತವೆ. ನಡುಗಂಬದ ಬುಡದಲ್ಲಿ, ಅಪಘಾತದ ಕ್ಷಣದಲ್ಲಿ ಸಿಡಿದು ಬೆಲ್ಟನ್ನು ಬಿಗಿಯುವ ಸಾಧನವಿರಬಹುದು. ಹಳದಿ ಬಣ್ಣದ ತಂತಿ ಅಥವಾ ಜೋಡಣೆ ಕಂಡಲ್ಲಿ ಕೈಯನ್ನು ಹಿಂದಕ್ಕೆ ತೆಗೆಯಬೇಕು. ಅಂತಹ ಹೊದಿಕೆಗಳ ಹಿಂದೆ ಸ್ಪಂಜನ್ನಾಗಲಿ ಬಟ್ಟೆಯನ್ನಾಗಲಿ ತುರುಕಬಾರದು. ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಗೆ ಅದು ಅಡ್ಡಿಯಾದೀತು. ಠಾವನ್ನು ಗುರುತಿಸುವುದು ನಮ್ಮ ಕೆಲಸವಾಗಿರಲಿ, ಬಿಚ್ಚುವುದು ಬಲ್ಲವರ ಕೆಲಸವಾಗಿರಲಿ. ಠಾವನ್ನು ಬೆರಳಿಟ್ಟು ತೋರಿಸಬಲ್ಲ ಗಿರಾಕಿಗೆ ಬೇಡದ ಬುಷ್‌ಗಳನ್ನು ಬದಲಿಸಿಕೊಡುವುದು ಯಾರಿಗೂ ಸುಲಭವಲ್ಲ.

ಎಲ್ಲ ಸದ್ದನ್ನೂ ಅಡಗಿಸಲು ಹೊರಡುವುದು ಸಹ ಸರಿಯಲ್ಲ. ಅನೇಕ ಕಾರುಗಳ ಬ್ರೇಕ್ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆಯಿರುತ್ತದೆ. ಪ್ಯಾಡ್ ಸವೆದಾಗ ಅದು ತಿರುಗುವ ತಟ್ಟೆಗೆ ತಾಗಿ ಕೀಚಲು ದನಿ ಹೊರಡಿಸುತ್ತದೆ. ಬದಲಾಯಿಸು ಎಂದು ಕೂಗಿ ಹೇಳುವುದಕ್ಕೆಂದೇ ಅದನ್ನು ಅಲ್ಲಿಟ್ಟಿದ್ದಾರೆ. ಬ್ರೇಕು ಒತ್ತಿದಾಗ, ಸ್ಟಿಯರಿಂಗ್ ತಿರುಗಿಸಿದಾಗ, ಚಕ್ರದ ವೇಗದೊಡನೆ ಏರಿಳಿಯುವಾಗ ಬರುವ ಸದ್ದುಗಳು ಒಳಹೊದಿಕೆಯ ಹರಟೆಯಲ್ಲ. ಅಂಥವನ್ನು ಕೇಳಿದ ದಿನವೇ ತೋರಿಸಬೇಕು.

ಮುಂದಿನ ತಿಂಗಳು ಮಂಗಳೂರಿಗೆ ಹೊರಟಾಗ ತಾಯಿಯವರು ಸೀತಾಂಗೋಳಿಯವರೆಗೂ ಡಬ್ಬಿಯನ್ನು ಕೈಯಲ್ಲಿಯೇ ಹಿಡಿದಿದ್ದರು. ನಾನು ಏನನ್ನೂ ಹೇಳಲಿಲ್ಲ. ಕುಂಬಳೆ ದಾಟಿದ ಮೇಲೆ ಶ್ರವಣಯಂತ್ರವನ್ನು ಹೊರತೆಗೆದು ಕಿವಿಗೆ ಏರಿಸಿಕೊಂಡರು. ಸ್ವಲ್ಪ ಹೊತ್ತು ಆಲಿಸಿದರು. ತಲಪಾಡಿ ಸಮೀಪಿಸುವಾಗ, “ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಒಂದು ಮರದ ರಾಟೆ ಇತ್ತು, ಗೊತ್ತುಂಟಾ ನಿನಗೆ?” ಎಂದು ಆರಂಭಿಸಿದರು.

ನನಗೆ ಗೊತ್ತಿರಲಿಲ್ಲ. ಈ ಸಲ ಪೂರ್ತಿಯಾಗಿ ಕೇಳಿದೆ.